ಬೆಟ್ಟದ ಸೈಕಲ್ಲಿಗೆ ಎಣ್ಣೆ ಹಚ್ಚಿದ್ದು

ನನಗೀಗ ಐವತ್ತೇಳು ವರ್ಷ. ಇಷ್ಟು ವರ್ಷಗಳಲ್ಲಿ ನನಗೊಂದು ಶೈಲಿ ಇದೆ ಎಂಬ ಆರೋಪವನ್ನು ಯಾರೂ ಹೊರಿಸಿರಲಿಲ್ಲ. ಶೈಲಿ ಎನ್ನುವುದು ಹಾಡುವವರಿಗೆ, ಬ್ಯಾಟು ಬೀಸುವವರಿಗೆ, ಮದುವೆಮನೆಯಲ್ಲಿ ಒಂದು ಹನಿ ಚೆಲ್ಲದೆ ಸಾರು ಬಡಿಸುವವರಿಗೆ ಇರುವಂಥದ್ದು ಎಂದು ನಂಬಿಕೊಂಡಿದ್ದೆ. ನಾನು ಉಣ್ಣುವುದು ಹಸಿವಾದಾಗ, ನಡೆಯುವುದು ಎಲ್ಲಿಗಾದರೂ ಹೋಗಬೇಕಾದಾಗ, ತೊಡುವುದು ಹೆಂಡತಿ ಶಾಂತಾ ತೆಗೆದಿಟ್ಟ ಅಂಗಿಯನ್ನು. ಹೀಗೆ ಶೈಲಿಯ ಗೊಡವೆಯೇ ಇಲ್ಲದೆ ನಿರಾಳವಾಗಿದ್ದ ನನ್ನನ್ನು ಕಳೆದ ದಸರೆಗೆ ಮುಂಚೆ ನಾರಾಯಣಗೂಡದ ಒಂದು ಸೈಕಲ್ ಅಂಗಡಿಯ ಮಾಲೀಕರು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: "ಸಾಬ್, ಪೈಲೆ ಯೇ ಬೋಲೋ, ಆಪ್ ಕಾ ರೈಡಿಂಗ್ ಸ್ಟೈಲ್ ಕ್ಯಾ ಹೈ?" ನಿಮ್ಮ ಸವಾರಿಯ ಶೈಲಿ ಯಾವುದು ಎಂದು ಅವರು ಕೇಳಿದ್ದು. ನಾನು ತಬ್ಬಿಬ್ಬಾದೆ. ಆಸ್ಪತ್ರೆಯಲ್ಲಿ ರಕ್ತದ ಗುಂಪು ಕೇಳಿದಾಗಲೂ ಅಷ್ಟು ತಬ್ಬಿಬ್ಬಾಗಿರಲಿಲ್ಲ.

ಸೈಕಲ್ ಅಂಗಡಿಯ ತನಕ ನಾನು ಹೋದದ್ದೇ ಒಂದು ದೊಡ್ಡ ಕತೆ. ನಾವು ಬೀದರ್ ಕಡೆಯವರು. ರಕ್ಷಣಾ ಇಲಾಖೆಗೆ ಬಿಡಿಭಾಗಗಳನ್ನು ಮಾಡಿಕೊಡುವ ಒಂದು ಸರ್ಕಾರಿ ಕಾರ್ಖಾನೆಯ ತಪಾಸಣಾ ವಿಭಾಗಕ್ಕೆ ಸೇರಿ ಹೈದರಾಬಾದಿಗೆ ಬಂದು ಮೂವತ್ತೊಂದು ವರ್ಷವಾಯಿತು. ಊರಿನ ದಕ್ಷಿಣದ ಅಂಚಿನಲ್ಲಿ ನೌಕರರೇ ಕೂಡಿ ಕಟ್ಟಿಕೊಂಡ ಕಾಲೊನಿಯಲ್ಲಿ ನಮ್ಮ ಮನೆ. ಇರುವವಳು ಒಬ್ಬಳೇ ಮಗಳು, ಅಮೃತಾ. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ, ಪ್ರಯಾಣಿಕರ ಕಳೆದುಹೋದ ಪೆಟ್ಟಿಗೆಗಳನ್ನು ಹುಡುಕಿಕೊಡುವ ವಿಭಾಗದಲ್ಲಿ ಅವಳಿಗೆ ಕೆಲಸ. ಪಾಳಿಯ ಕೆಲಸವಾದ್ದರಿಂದ ನಾನು ಮನೆಗೆ ಬಂದಾಗ ಅವಳು ಹೊರಟಿರುತ್ತಾಳೆ, ಅವಳು ಬಂದಾಗ ನಾನು ಹೊರಟಿರುತ್ತೇನೆ. ಬಾಗಿಲಲ್ಲಿ ಎದುರಾದರೆ ನಮ್ಮ ಮಾತು "ಚಾವಿ ಎಲ್ಲೈತಿ?", "ಮೊಸರು ಖಾಲಿ ಆಗೈತಿ" ಇಷ್ಟಕ್ಕೆ ಮುಗಿಯುತ್ತಿತ್ತು. ಊರಿನವರ ಪೆಟ್ಟಿಗೆಗಳನ್ನೆಲ್ಲ ಹುಡುಕಿಕೊಡುವ ಹುಡುಗಿ ನಮ್ಮ ಮನೆಯಲ್ಲೇ ಕಳೆದುಹೋಗಿದ್ದಾಳೆ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳುವುದು ನನ್ನಂಥವನಿಗೆ ಆಗದ ಕೆಲಸ. ಹಾಗಾಗಿ ಮೊಸರಿನ ವಿಷಯವನ್ನೇ ಇನ್ನಷ್ಟು ಪ್ರೀತಿಯಿಂದ ಹೇಳುತ್ತಿದ್ದೆ.

ಅವಳಿಗೆ ಒಂದು ಸೈಕಲ್ ಗುಂಪು ಇತ್ತು, ಐದಾರು ಜನರದ್ದು. ರಜೆ ಸಿಕ್ಕ ಭಾನುವಾರ ಬೆಳಿಗ್ಗೆ ಶಂಶಾಬಾದಿನ ಆಚೆ, ಹೆದ್ದಾರಿಯಿಂದ ಒಳಗೆ, ಬಂಡೆ ಮತ್ತು ಸೀತಾಫಲದ ಪೊದೆಗಳ ನಡುವಿನ ಕಾಲುದಾರಿಗಳಲ್ಲಿ ಇವರು ಸೈಕಲ್ ಹೊಡೆಯುತ್ತಿದ್ದರು. ಹೋದ ವರ್ಷ ಜನವರಿಯಲ್ಲಿ ಒಂದು ದಿನ, ಅಪರೂಪಕ್ಕೆ ಮೂವರೂ ಒಟ್ಟಿಗೆ ರೊಟ್ಟಿ ತಿನ್ನುತ್ತಿದ್ದಾಗ ಅವಳು ತಲೆಯೆತ್ತದೆ ಹೇಳಿದಳು: "ಅಪ್ಪಾ, ನೀವೂ ಒಂದು ಸೈಕಲ್ ತಗೊಂಡು ಐತವಾರ ನನ್ನ ಜೋಡಿ ಬರ್ರಲ್ಲ."

"ಆಗಲಿ, ನೋಡೂಣು" ಎಂದೆ, ಪುಂಡಿಪಲ್ಯ ಹಾಕಿಸಿಕೊಳ್ಳುತ್ತ. ಮುಖ ಮಾತ್ರ ಕಾರ್ಖಾನೆಯ ಮುಖವಾಗಿತ್ತು. ಒಳಗೆ ಏನಾಗಿತ್ತೆಂದರೆ, ಅವತ್ತು ಎರಡು ರೊಟ್ಟಿ ಹೆಚ್ಚು ತಿಂದೆ. ವಾರಕ್ಕೊಂದು ಬೆಳಿಗ್ಗೆ ಮಗಳ ಜೊತೆ! ಇದಕ್ಕಿಂತ ದೊಡ್ಡ ಆಮಂತ್ರಣ ನನಗೆ ಯಾವ ಕಾಲದಲ್ಲೂ ಬಂದಿರಲಿಲ್ಲ. ಇಂಥ ಆಮಂತ್ರಣಕ್ಕೆ ತಕ್ಕ ಸೈಕಲ್ಲನ್ನೇ ಕೊಳ್ಳಬೇಕು, ಯಾವುದೋ ಒಂದನ್ನು ಕೊಂಡು ಮಗಳ ಮುಂದೆ ಮಾನ ಕಳೆದುಕೊಳ್ಳಬಾರದು ಎಂದು ತೀರ್ಮಾನಿಸಿದೆ. ನನ್ನ ಮೊದಲ ತಪ್ಪು ಇದೇ.

ತಪಾಸಣಾ ವಿಭಾಗದವರಿಗೆ ಒಂದು ರೋಗ ಇರುತ್ತದೆ. ನಮ್ಮ ಕೈಗೆ ಬಂದ ವಸ್ತು ಒಂದೋ ಪಾಸು, ಇಲ್ಲವೇ ಫೇಲು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತೇವೆ. ಶಾಂತಾಳನ್ನು ನೋಡಲು ಹೋದಾಗಲೂ ನಾನು ಅವರ ಮನೆಯ ಬಾಗಿಲ ಚೌಕಟ್ಟು ಸೊಟ್ಟಗಿದೆ ಎಂದು ಹೇಳಿ, ಮದುವೆ ಇನ್ನೇನು ಮುರಿದುಬೀಳುವುದರಲ್ಲಿತ್ತು. ಅಂಥವನು ಸೈಕಲ್ ಆರಿಸಲು ಕುಳಿತರೆ ಏನಾಗಬೇಕೋ ಅದೇ ಆಯಿತು. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಉದ್ದಗೆರೆ, ಅಡ್ಡಗೆರೆ ಎಳೆದು ಕೋಷ್ಟಕ ಹಾಕಿದೆ.

ಆಗ ಗೊತ್ತಾಯಿತು, ಬೆಟ್ಟದ ಸೈಕಲ್ ಎಂಬುದು ಒಂದು ವಸ್ತುವೇ ಅಲ್ಲ, ದೊಡ್ಡದೊಂದು ಕುಲ ಎಂದು. ಕ್ರಾಸ್‌ಕಂಟ್ರಿ ಎಂಬುದು ಹಗುರ, ಏರು ಹತ್ತುವುದರಲ್ಲಿ ಗಟ್ಟಿಗ, ಆದರೆ ಕಡಿದಾದ ಇಳಿಜಾರಿನಲ್ಲಿ ನಂಬುವಂತಿಲ್ಲ. ಡೌನ್‌ಹಿಲ್ ಎಂಬುದು ಬರೀ ಇಳಿಯುವುದಕ್ಕೆ ಹುಟ್ಟಿದ್ದು. ಅದನ್ನು ಗುಡ್ಡದ ಮೇಲಕ್ಕೆ ಬೇರೆ ಯಾರಾದರೂ ಹೊತ್ತುಕೊಂಡು ಹೋಗಿಕೊಡಬೇಕು. ಟ್ರೇಲ್ ಎಂಬುದು ಇವೆರಡರ ನಡುವಿನ ಮಧ್ಯಮ ವರ್ಗ. ಎಂಡ್ಯೂರೊ ಎಂದು ಇನ್ನೊಂದಿದೆ, ಅದು ಟ್ರೇಲ್‌ನ ಸಿಟ್ಟಿನ ಅಣ್ಣ. ಇಷ್ಟು ಸಾಲದು ಎಂಬಂತೆ, ಮುಂದಿನ ಚಕ್ರಕ್ಕೆ ಮಾತ್ರ ಸ್ಪ್ರಿಂಗು ಇದ್ದರೆ ಹಾರ್ಡ್‌ಟೇಲ್, ಎರಡೂ ಕಡೆ ಇದ್ದರೆ ಫುಲ್ ಸಸ್ಪೆನ್ಶನ್. ಚಕ್ರದ ಅಳತೆಯಲ್ಲಿ ಬೇರೆ ಎರಡು ಪಂಥಗಳು, ಒಬ್ಬರನ್ನು ಕಂಡರೆ ಒಬ್ಬರಿಗಾಗುವುದಿಲ್ಲ. ಎಲ್ಲಾ ಕಡೆ ಓದಿದರೂ ಕೊನೆಗೆ ಸಿಗುವುದು ಒಂದೇ ಉಪದೇಶ: ನಿಮ್ಮ ಸವಾರಿಯ ಶೈಲಿಗೆ ತಕ್ಕಂತೆ ಆರಿಸಿಕೊಳ್ಳಿ. ನನ್ನ ಕೋಷ್ಟಕದಲ್ಲಿ ಎಲ್ಲ ಮನೆಗಳೂ ತುಂಬಿದವು, ಶೈಲಿಯ ಮನೆ ಮಾತ್ರ ಖಾಲಿ ಉಳಿಯಿತು.

ಊಟವಾದ ಮೇಲೆ ಫೋನಿನಲ್ಲಿ ವಿಡಿಯೊ ನೋಡುವ ಚಟ ಹತ್ತಿತು. ಯಾವುದೋ ದೇಶದಲ್ಲಿ ಯಾರೋ ಒಬ್ಬ ಬಂಡೆಯಿಂದ ಬಂಡೆಗೆ ಸೈಕಲ್ ಸಮೇತ ಹಾರುತ್ತಿದ್ದ. ನಾನು ಉಸಿರು ಬಿಗಿಹಿಡಿದು ಅವನ ಹಿಂದಿನ ಸ್ಪ್ರಿಂಗು ಎಷ್ಟು ಕುಸಿಯಿತು ಎಂದು ಅಂದಾಜು ಮಾಡುತ್ತಿದ್ದೆ. ಶಾಂತಾ ಮೆಂತ್ಯೆ ಸೊಪ್ಪು ಬಿಡಿಸುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಆ ಮನಷ್ಯಾ ಬಿದ್ನೋ ಇಲ್ಲೋ, ಅಷ್ಟ ಹೇಳ್ರಿ."

"ಬೀಳಲಿಲ್ಲ."

"ಹಂಗಾದ್ರ ನೀವು ಅದನ್ನ ನೋಡಿ ಏನೂ ಉಪಯೋಗ ಇಲ್ಲ. ಬಿದ್ದವರದ್ದು ನೋಡ್ರಿ."

ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಯಾದಗಿರಿ ತೆಲಂಗಾಣದವನು. ಇಪ್ಪತ್ತೈದು ವರ್ಷದಿಂದ ಒಂದೇ ಕಪ್ಪು ಸೈಕಲ್ಲಿನಲ್ಲಿ ಕೆಲಸಕ್ಕೆ ಬರುತ್ತಾನೆ. ಮಳೆ, ಬಿಸಿಲು, ರಸ್ತೆ ಅಗೆತ, ಯಾವುದೂ ಅವನ ಸವಾರಿಯನ್ನು ತಡೆದದ್ದಿಲ್ಲ. ನನ್ನ ನೋಟ್‌ಬುಕ್ಕನ್ನು ಒಂದು ಮಧ್ಯಾಹ್ನ ತಿರುವಿ ನೋಡಿದ. "ಸೈಕಿಲ್‌ಕಿ ರೆಂಡು ಚಕ್ರಾಲುಂಟೆ ಚಾಲು ಸಾರ್" ಎಂದ. ಎರಡು ಚಕ್ರ ಇದ್ದರೆ ಸಾಕಂತೆ. ಇವನಿಗೆ ತಾಂತ್ರಿಕ ದೃಷ್ಟಿಯೇ ಇಲ್ಲ ಎಂದು ಮರುಗಿ, ನೋಟ್‌ಬುಕ್ ಕಸಿದುಕೊಂಡೆ.

ಹೀಗೆ ಯುಗಾದಿ ಹೋಯಿತು, ಮಾವಿನ ಕಾಲ ಹೋಯಿತು, ಮಳೆ ಬಂತು. ಮೊದಮೊದಲು ಅಮೃತಾ ಪ್ರತಿ ಶನಿವಾರ ಕೇಳುತ್ತಿದ್ದಳು, "ಸೈಕಲ್ ಎಲ್ಲಿಗೆ ಬಂತ್ರಿ ಅಪ್ಪಾ?" ಎಂದು. "ಸ್ಪ್ರಿಂಗಿನ ವಿಷಯ ಒಂದು ಇತ್ಯರ್ಥ ಆಗಬೇಕು" ಎನ್ನುತ್ತಿದ್ದೆ. ಆಮೇಲೆ ತಿಂಗಳಿಗೊಮ್ಮೆ ಕೇಳಿದಳು. ಶ್ರಾವಣದ ಹೊತ್ತಿಗೆ ಕೇಳುವುದನ್ನೇ ಬಿಟ್ಟಳು. ಒಂದು ಭಾನುವಾರ ಅವಳು ಹೆಲ್ಮೆಟ್ ಹಾಕಿಕೊಂಡು ಹೊರಡುವಾಗ ನಾನು ಜಗಲಿಯಲ್ಲೇ ಇದ್ದೆ. ಅವಳು ನನ್ನ ನೋಟ್‌ಬುಕ್ಕನ್ನು ನೋಡಿದಳು, ಗೇಟು ಎಳೆದುಕೊಂಡು ಹೋದಳು. ಅವತ್ತು ನನಗೆ ಚುಚ್ಚಿತು. ಮಗಳು ಕೈ ಚಾಚಿದ್ದಾಳೆ, ನಾನು ಕೈಯ ಅಳತೆ ತೆಗೆದುಕೊಳ್ಳುತ್ತ ಕುಳಿತಿದ್ದೇನೆ. ನೋಟ್‌ಬುಕ್ ಮುಚ್ಚಿದೆ. ಮುಚ್ಚಿದರೂ, ದಸರೆಗೆ ಒಂದು ವಾರ ಇರುವ ತನಕ ಅಂಗಡಿಗೆ ಹೋಗುವ ಧೈರ್ಯ ಬರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ನಾರಾಯಣಗೂಡದ ಆ ಅಂಗಡಿಯ ಎರಡೂ ಬದಿಗೆ ಕೋಚಿಂಗ್ ಸೆಂಟರುಗಳು. ಮಾಲೀಕರು ಜಹೀರ್ ಭಾಯ್, ನನ್ನದೇ ವಯಸ್ಸಿನವರು, ಬಿಳಿ ಗಡ್ಡ, ಬೆರಳ ತುದಿಗಳೆಲ್ಲ ಗ್ರೀಸಿನಿಂದ ಕಪ್ಪು. ಅಮೃತಾಳ ಸೈಕಲ್ಲೂ ಅವರಲ್ಲೇ ಕೊಂಡದ್ದು. ಶೈಲಿಯ ಪ್ರಶ್ನೆ ಕೇಳಿ ನಾನು ಮಿಕಮಿಕ ನೋಡಿದಾಗ ಅವರು ಒಂದು ಫಾರಂ ಕೊಟ್ಟರು. ಅದರಲ್ಲಿ ಸಾಲಾಗಿ ಚೌಕಗಳಿದ್ದವು. ವಿರಾಮದ ಸವಾರಿ, ಕ್ರಾಸ್‌ಕಂಟ್ರಿ, ಟ್ರೇಲ್, ಅಗ್ರೆಸಿವ್ ಟ್ರೇಲ್, ಡೌನ್‌ಹಿಲ್. ನನ್ನ ಕೈ ಮೊದಲು ಹೋದದ್ದು ವಿರಾಮದ ಸವಾರಿಯ ಕಡೆಗೇ. ಆದರೆ ಪಕ್ಕದಲ್ಲಿ ಟೈರಿಗೆ ಗಾಳಿ ಹಾಕಿಸಿಕೊಳ್ಳುತ್ತಿದ್ದ ಕಾಲೇಜು ಹುಡುಗಿಯರಿಬ್ಬರು ನನ್ನ ಫಾರಮ್ಮನ್ನೇ ನೋಡುತ್ತಿದ್ದರು. ಎಂಟು ತಿಂಗಳ ಅಧ್ಯಯನ, ಇನ್ನೂರು ಪುಟದ ನೋಟ್‌ಬುಕ್, ಕೊನೆಗೆ ವಿರಾಮವೇ? ಪೆನ್ನು ತಾನಾಗಿ ಕೆಳಗೆ ಜಾರಿ ಅಗ್ರೆಸಿವ್ ಟ್ರೇಲ್ ಮೇಲೆ ನಿಂತಿತು. ಅಗ್ರೆಸಿವ್ ಅಂದರೆ ಆಕ್ರಮಣಕಾರಿ. ನಾನು ಇಷ್ಟು ವರ್ಷದಲ್ಲಿ ಆಕ್ರಮಣ ಮಾಡಿರುವುದು ಸೊಳ್ಳೆಗಳ ಮೇಲೆ ಮಾತ್ರ.

ಜಹೀರ್ ಭಾಯ್ ಫಾರಂ ನೋಡಿದರು, ನನ್ನ ಮೊಣಕಾಲು ನೋಡಿದರು, ಮತ್ತೆ ಫಾರಂ ನೋಡಿದರು. "ಹಾರ್ಡ್‌ಟೇಲ್ ಲೇಲೋ ಸಾಬ್, ಹಲ್ಕಾ ರಹತಾ" ಎಂದು ಮೆಲ್ಲಗೆ ಹೇಳಿದರು. ಹಗುರವಾದದ್ದು ತೆಗೆದುಕೊಳ್ಳಿ, ಸಾಕು ಎಂಬ ಹಿತವಚನ ಅದು. ನಾನು ಫಾರಮ್ಮಿನ ಮೇಲೆ ಬೆರಳಿಟ್ಟು ತೋರಿಸಿದೆ. ಆಕ್ರಮಣಕಾರಿಗೆ ಹಾರ್ಡ್‌ಟೇಲ್ ಸಾಲದೆಂದು ನನ್ನ ಕೋಷ್ಟಕದ ಹದಿನೆಂಟನೆಯ ಪುಟದಲ್ಲೇ ಇತ್ತು. ಅವರು ನಿಟ್ಟುಸಿರು ಬಿಟ್ಟು ಒಳಗಿನಿಂದ ಒಂದನ್ನು ಉರುಳಿಸಿಕೊಂಡು ಬಂದರು. ಎರಡೂ ಕಡೆ ಸ್ಪ್ರಿಂಗು, ಎಮ್ಮೆಯ ಕತ್ತಿನಂಥ ಹ್ಯಾಂಡಲ್ಲು, ಚಕ್ರಗಳ ನಡುವೆ ಫಳಫಳ ಹೊಳೆಯುವ ಉಕ್ಕಿನ ಡಿಸ್ಕುಗಳು. ಎತ್ತಿ ನೋಡಿದೆ, ಸೊಂಟ ಎಚ್ಚರಿಕೆ ಕೊಟ್ಟಿತು. ಆದರೂ ಅದನ್ನೇ ಮನೆಗೆ ತಂದೆ.

ಅಮೃತಾ ಅದನ್ನು ಒಂದು ಸುತ್ತು ಬಂದು ನೋಡಿದಳು. ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. "ದಸರಾ ಆದ ಮರುದಿನ ಐತವಾರ. ನನಗೂ ರಜಾ ಐತಿ. ಹೋಗೂಣ್ರಿ" ಎಂದಳು. ಎಂಟು ತಿಂಗಳ ಮೇಲೆ ಮತ್ತೆ ಕರೆ ಬಂತು.

ಈಗ ಎರಡನೆಯ ತಪ್ಪಿಗೆ ಬರುತ್ತೇನೆ. ತಪಾಸಣಾ ವಿಭಾಗದಲ್ಲಿ ದಿನದ ಕೊನೆಗೆ ನಾವು ಮಾಡುವ ಕೆಲಸವೆಂದರೆ, ಅಳತೆಯ ಉಪಕರಣಗಳನ್ನೆಲ್ಲ ಒರೆಸಿ, ತೆಳ್ಳಗೆ ಎಣ್ಣೆ ಸವರಿ ಪೆಟ್ಟಿಗೆಯಲ್ಲಿಡುವುದು. ಬರಿಯ ಉಕ್ಕನ್ನು ಒಣಗಿದ ಹಾಗೆ ಬಿಡುವುದು ನಮ್ಮಲ್ಲಿ ಮಹಾಪರಾಧ, ತುಕ್ಕು ಹಿಡಿಯುತ್ತದೆ. ಆಯುಧಪೂಜೆಯ ಹಿಂದಿನ ದಿನವಂತೂ ಇಡೀ ಕಾರ್ಖಾನೆಯೇ ಎಣ್ಣೆಯಲ್ಲಿ ಮಿಂದು ಎದ್ದಿರುತ್ತದೆ. ಅದರ ಮೇಲೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಮೂವತ್ತೊಂದು ವರ್ಷ ಈ ಕೆಲಸ ಮಾಡಿದ ಕೈ ಇದು. ಆಯುಧಪೂಜೆಯ, ನಮ್ಮ ಕಡೆ ಖಂಡೇಪೂಜೆ ಅನ್ನುವುದು, ಅದರ ಬೆಳಿಗ್ಗೆ ಅಂಗಳದಲ್ಲಿ ಸೈಕಲ್ ನಿಲ್ಲಿಸಿದಾಗ ಆ ಎರಡು ಡಿಸ್ಕುಗಳು ಒಣಗಿ ನಿಂತು ನನ್ನನ್ನು ಅಣಕಿಸಿದವು. ಇಷ್ಟು ನುಣುಪಾದ ಉಕ್ಕು, ಒಂದು ಹನಿ ಎಣ್ಣೆ ಇಲ್ಲ! ಜಹೀರ್ ಭಾಯ್ ಒಳ್ಳೆಯವರು, ಆದರೆ ಕೆಲಸದಲ್ಲಿ ಅಷ್ಟು ಚೊಕ್ಕ ಅಲ್ಲ ಎಂದುಕೊಂಡೆ. ಹಳೆ ಪಂಚೆಯ ಚೂರಿಗೆ ಹೊಲಿಗೆ ಯಂತ್ರದ ಎಣ್ಣೆ ಸುರಿದು ಎರಡನ್ನೂ ಕನ್ನಡಿಯ ಹಾಗೆ ಒರೆಸಿದೆ. ಎಣ್ಣೆಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದೆ, ನಡುವೆ ಕುಂಕುಮ ಇಟ್ಟೆ. ಶಾಂತಾ ಆರತಿ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. "ನಮ್ಮ ಮನ್ಯಾಗ ಇಷ್ಟ ಚಂದ ಪೂಜಿ ಮಾಡಿಸಿಕೊಂಡಿದ್ದು ನಾನೂ ಇಲ್ಲ, ಈ ಸೈಕಲ್ಲೇ" ಎಂದಳು. ಅಮೃತಾ ಅವತ್ತು ಬೆಳಗಿನ ಪಾಳಿಯಲ್ಲಿದ್ದಳು. ಮನೆಯಲ್ಲಿದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಭಾನುವಾರ ಬಂತು. ಶಂಶಾಬಾದಿನ ತನಕ ಸೈಕಲ್ಲುಗಳನ್ನು ವ್ಯಾನಿನಲ್ಲಿ ಹಾಕಿಕೊಂಡು ಹೋದೆವು. ಗುಂಪಿನವರೆಲ್ಲ ಮೂವತ್ತರ ಒಳಗಿನವರು. ನನ್ನ ಸೈಕಲ್ಲನ್ನು ನೋಡಿ "ಅಂಕಲ್ ಸೀರಿಯಸ್ ರೈಡರ್" ಎಂದು ತಮ್ಮೊಳಗೇ ಮಾತಾಡಿಕೊಂಡರು. ಮಗಳು ಕೇಳಿಸಿಕೊಂಡು ಮುಗುಳ್ನಕ್ಕಳು. ನನಗೆ ಎದೆ ಉಬ್ಬಿತು. ಮೊದಲ ಅರ್ಧ ಗಂಟೆ ಸಮತಟ್ಟು ದಾರಿ. ಬ್ರೇಕು ಹಿಡಿಯುವ ಪ್ರಮೇಯವೇ ಬರಲಿಲ್ಲ. ಏರಿನಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದೆ, ಏದುಸಿರು ಬಿಟ್ಟೆ, ಅದು ನಿರೀಕ್ಷಿತವೇ. ಆಮೇಲೆ ಬಂಡೆಗಳ ನಡುವೆ ಒಂದು ಇಳಿಜಾರು ಬಂತು. ಅದರ ಬುಡದಲ್ಲಿ ಒಂದು ಸಣ್ಣ ಕೆರೆ, ಪಕ್ಕದಲ್ಲಿ ಚಹಾದ ಬಂಡಿ. ಗುಂಪಿನವರು ಒಬ್ಬೊಬ್ಬರಾಗಿ ಸುಯ್ಯನೆ ಇಳಿದು ಹೋದರು. ಅಮೃತಾ ಮೇಲೆ ನಿಂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. "ನೀವು ನಡೀರಿ ಅಪ್ಪಾ, ಬ್ರೇಕ್ ಮೆಲ್ಲಕ ಹಿಡೀರಿ" ಎಂದಳು.

ಮೆಲ್ಲಗೆ ಹಿಡಿದೆ. ಏನೂ ಆಗಲಿಲ್ಲ. ಗಟ್ಟಿಯಾಗಿ ಹಿಡಿದೆ. ಆಡಿನ ಮರಿ ಅರಚಿದ ಹಾಗೆ ಒಂದು ಸದ್ದು ಬಂತು, ವೇಗ ಮಾತ್ರ ಹೆಚ್ಚಾಗುತ್ತಲೇ ಹೋಯಿತು. ಆಗ ನನ್ನ ಕಣ್ಣ ಮುಂದೆ ಹದಿನೆಂಟನೆಯ ಪುಟ ಬರಲಿಲ್ಲ, ಕೋಷ್ಟಕ ಬರಲಿಲ್ಲ. ವಿಮಾ ಪಾಲಿಸಿಯ ಕಾಗದ ಕಬ್ಬಿಣದ ಕಪಾಟಿನ ಯಾವ ಖಾನೆಯಲ್ಲಿದೆ ಎಂದು ಶಾಂತಾಗೆ ಹೇಳಿಲ್ಲವಲ್ಲ ಎಂಬುದೊಂದೇ ನೆನಪಾಯಿತು. ಎರಡು ಕಡೆಯ ಸ್ಪ್ರಿಂಗುಗಳು ಮಾತ್ರ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದವು. ಅಷ್ಟು ಸುಖವಾಗಿ ಯಾರೂ ಅಪಾಯದ ಕಡೆಗೆ ಹೋಗಿರಲಾರರು. ಕೆರೆ ಬೇಡ ಎಂದು ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದೆ. ಸೀತಾಫಲದ ದೊಡ್ಡ ಪೊದೆಯೊಂದು ನನ್ನನ್ನು ಸೈಕಲ್ ಸಮೇತ ಸ್ವೀಕರಿಸಿತು. ಮಾಗಿದ ಎರಡು ಹಣ್ಣು ಹೆಲ್ಮೆಟ್ ಮೇಲೆ ಬಿದ್ದು ಒಡೆದವು.

ಚಹಾದ ಬಂಡಿಯ ಕಡೆಯಿಂದ ಚಪ್ಪಾಳೆ ಕೇಳಿಸಿತು. ಅವರ ಲೆಕ್ಕದಲ್ಲಿ ಅಂಕಲ್ ಬ್ರೇಕನ್ನೇ ಹಿಡಿಯದೆ ಇಳಿದಿದ್ದರು. ಅಮೃತಾ ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು, ಇಳಿಜಾರಿನಲ್ಲಿ ಓಡಿ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಅಪ್ಪಾ, ಪೆಟ್ಟಾತೇನ್ರಿ? ಎದ್ದೇಳ್ರಿ, ಕೈ ಅಲ್ಲಾಡಸ್ರಿ" ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಬಾಯಿಗೆ ಇಳಿದಿದ್ದ ಸೀತಾಫಲದ ಬೀಜ ಉಗುಳಿ, "ಹಣ್ಣು ಚಲೋ ಐತಿ" ಎಂದೆ. ಅವಳು ನಗುತ್ತ ಅತ್ತಳೋ, ಅಳುತ್ತ ನಕ್ಕಳೋ ಗೊತ್ತಾಗಲಿಲ್ಲ.

ಬ್ರೇಕು ಇಲ್ಲದ ಸೈಕಲ್ಲನ್ನು ಏರಲು ಅವಳು ಬಿಡಲಿಲ್ಲ. ಇಬ್ಬರೂ ಸೈಕಲ್ ತಳ್ಳುತ್ತ ವ್ಯಾನು ನಿಂತಲ್ಲಿಗೆ ವಾಪಸು ನಡೆದೆವು, ಒಂದು ಗಂಟೆಯ ದಾರಿ. ನನ್ನ ಸೈಕಲ್ಲು ತಳ್ಳುವವನಿಗಾಗಿ ಮಾಡಿದ್ದಲ್ಲ ಎಂಬುದು ಹತ್ತು ಹೆಜ್ಜೆಗೇ ತಿಳಿಯಿತು. ಆದರೆ ಆ ಒಂದು ಗಂಟೆಯಲ್ಲಿ ಅವಳು ಮಾತಾಡಿದಳು. ಗಂಡ ತೀರಿಕೊಂಡ ಒಬ್ಬ ಮುದುಕಿಯ ಪೆಟ್ಟಿಗೆಯನ್ನು ಮೂರು ದಿನ ಹುಡುಕಿ ಕೊಟ್ಟದ್ದು, ಬಿಚ್ಚಿ ನೋಡಿದರೆ ಅದರಲ್ಲಿ ಆ ಗಂಡನ ಹಳೆಯ ಮಫ್ಲರೊಂದು ಇದ್ದದ್ದು. ಮೇಲ್ವಿಚಾರಕಿಯ ಹುದ್ದೆಗೆ ಪರೀಕ್ಷೆ ಬರೆದು ನಪಾಸಾದದ್ದು, ಮನೆಯಲ್ಲಿ ಹೇಳದೆ ಎರಡು ತಿಂಗಳು ಕಳೆದದ್ದು. "ನೀವು ಎಲ್ಲಾದಕ್ಕೂ ಪಾಸು, ಫೇಲು ಅಂತೀರಿ. ಅದಕ್ಕ ಹೇಳಾಕ ಅಂಜಿಕಿ ಬಂತು" ಎಂದಳು. ನಾನು, "ನನ್ನನ್ನ ನೋಡು, ಇವತ್ತ ನಾನೂ ಫೇಲ್ ಆದೆ" ಎಂದೆ. 

ಮರುದಿನ ಜಹೀರ್ ಭಾಯ್ ಡಿಸ್ಕಿಗೆ ಮೂಗು ತಂದು ಮೂಸಿ ನೋಡಿದರು. ವಿಭೂತಿಯ ಗುರುತು ಇನ್ನೂ ಇತ್ತು. "ಕೈಕೂ ತೇಲ್ ಲಗಾಯೇ ಸಾಬ್? ಯೇ ಬ್ರೇಕ್ ಹೈ, ಪರಾಠಾ ನೈ" ಎಂದರು. ಇದು ಬ್ರೇಕು, ಎಣ್ಣೆ ಸವರಲು ಪರಾಠಾ ಅಲ್ಲ. ಆ ಡಿಸ್ಕು ತುಕ್ಕು ಹಿಡಿಯದ ಉಕ್ಕಂತೆ. ಅದನ್ನು ಒಣಗಿದ್ದಾಗಲೇ ಎರಡೂ ಕಡೆಯಿಂದ ಪ್ಯಾಡುಗಳು ಕಚ್ಚಿ ಹಿಡಿಯಬೇಕಂತೆ. ಎಣ್ಣೆ ತಾಗಿದರೆ ಜಾರುತ್ತದೆ. ದೇಶದ ರಕ್ಷಣೆಗಾಗಿ ಮೂವತ್ತೊಂದು ವರ್ಷ ತಪಾಸಣೆ ಮಾಡಿದ ನಾನು ತಲೆ ತಗ್ಗಿಸಿ ನಿಂತೆ. ಅವರು ಡಿಸ್ಕು ತೊಳೆದು, ಪ್ಯಾಡು ಬದಲಿಸಿ ಕೊಟ್ಟರು. ಅಂಗಡಿಯ ಮುಂದೆಯೇ ಹಿಡಿದು ನೋಡಿದೆ. ಸೈಕಲ್ಲು ಗಕ್ಕನೆ ನಿಂತಿತು, ನಾನು ಮಾತ್ರ ಸ್ವಲ್ಪ ಮುಂದೆ ಹೋದೆ.

ಇಲ್ಲಿಂದ ಮುಂದಿನದ್ದು ನಾನು ಬುದ್ಧಿಪೂರ್ವಕವಾಗಿ ಮಾಡಿದ್ದು. ಮುಂದಿನ ಭಾನುವಾರ ಆ ಇಳಿಜಾರು ಬಂದಾಗ ನಾನು ಸೈಕಲ್ಲಿನಿಂದ ಇಳಿದುಬಿಟ್ಟೆ. "ಬ್ರೇಕ್ ಇನ್ನೂ ಅಷ್ಟಕ್ಕಷ್ಟ ಐತಿ" ಎಂದೆ. ಸುಳ್ಳು. ಅಮೃತಾ ಒಂದು ಕ್ಷಣವೂ ಯೋಚಿಸದೆ ತಾನೂ ಇಳಿದಳು. "ನೀವು ಒಬ್ರ ಯಾಕ ನಡೀತೀರಿ" ಎಂದಳು. ಗುಂಪಿನವರು ಮುಂದೆ ಹೋಗಿ ಚಹಾ ಕುಡಿಯುತ್ತ ಕಾದರು, ನಾವಿಬ್ಬರೂ ಮಾತಾಡುತ್ತ ತಳ್ಳಿಕೊಂಡು ಇಳಿದೆವು. ಕಾರ್ತೀಕ ಕಳೆಯಿತು, ಚಳಿ ಬಂತು, ಸಂಕ್ರಾಂತಿಯ ಎಳ್ಳುಹೋಳಿಗೆ ತಿಂದೆವು, ನನ್ನ ಬ್ರೇಕು ಸರಿಹೋಗಲೇ ಇಲ್ಲ. "ಅಪ್ಪ ಮಗಳು ಸೈಕಲ್ ಹೊಡಿಯಾಕ ಹೊಕ್ಕೀರೋ, ಸೈಕಲ್ಲಿಗೆ ಗಾಳಿ ತಿನ್ನಸಾಕ ಹೊಕ್ಕೀರೋ?" ಎಂದು ಶಾಂತಾ ಕೇಳುತ್ತಿದ್ದಳು. ಮಗಳ ಸವಾರಿಯ ಸುಖವನ್ನು ನನ್ನ ಸ್ವಾರ್ಥಕ್ಕೆ ಬಲಿ ಕೊಡುತ್ತಿದ್ದೇನೆ ಎಂದು ಒಮ್ಮೊಮ್ಮೆ ಅಪರಾಧಿ ಭಾವನೆ ಕಾಡುತ್ತಿತ್ತು. ಇಳಿಜಾರು ಬಂದ ಕೂಡಲೆ ಆ ಭಾವನೆ ಹೋಗಿಬಿಡುತ್ತಿತ್ತು.

ಹೋದ ವಾರ ಅಮೃತಾ ತನ್ನ ಸೈಕಲ್ಲಿನ ಸರ್ವಿಸಿಗೆಂದು ನಾರಾಯಣಗೂಡಕ್ಕೆ ಹೋಗಿ ಬಂದಳು. ಭಾನುವಾರ ಇಳಿಜಾರಿನ ಮೇಲೆ ನಾನು ಎಂದಿನಂತೆ ಕಾಲು ಊರಿದೆ. "ಬ್ರೇಕ್..." ಎನ್ನುವಷ್ಟರಲ್ಲಿ ಅವಳು ಹೇಳಿದಳು: "ಬ್ರೇಕ್ ಸರಿ ಆಗಿ ಐದು ತಿಂಗಳಾತು ಅಂತ ಜಹೀರ್ ಭಾಯ್ ಹೇಳಿದ್ರು. ಎಣ್ಣಿದೂ ಹೇಳಿದ್ರು, ವಿಭೂತಿದೂ ಹೇಳಿದ್ರು."

ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಸೈಕಲ್ಲಿನ ಗಂಟೆಯನ್ನು ಒರೆಸುತ್ತ ನಿಂತೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಇಲ್ಲಿ ಇಳದ್ರ ನೀ ಮಾತಾಡ್ತೀ. ಅದಕ್ಕ ಇಳೀತಿದ್ದೆ. ನಿನ್ನ ಸವಾರಿ ಕೆಡಿಸಿದೆ, ತಪ್ಪಾತು."

ಅವಳು ಇಳಿಜಾರಿನ ಕಡೆ ನೋಡಿದಳು. "ನನಗ ಈ ಇಳಕಲು ಕಂಡ್ರ ಜೀವ ಹೋದಂಗ ಆಗತೈತ್ರಿ ಅಪ್ಪಾ. ಒಂದು ಸಲಾನೂ ಕೂತು ಇಳದಿಲ್ಲ" ಎಂದಳು.

"ಮತ್ತ ನಿನ್ನ ಸೈಕಲ್ಲೂ ಅಗ್ರೆಸಿವ್ ಟ್ರೇಲ್ ಅಲ್ಲೇನು?"

"ಫಾರಂ ತುಂಬುವಾಗ ಬಾಜೂಕ ಮಂದಿ ನೋಡಾಕತ್ತಿದ್ರು."

ನಾಂಪಲ್ಲಿಯಲ್ಲಿ ಪ್ರತಿ ಜನವರಿಗೆ ನಡೆಯುವ ಪ್ರದರ್ಶನ, ಊರಿನವರೆಲ್ಲ ನುಮಾಯಿಷ್ ಅನ್ನುವುದು, ನನಗೆ ನೆನಪಾಯಿತು. ಅವಳಿಗೆ ಏಳು ವರ್ಷವಿದ್ದಾಗ ಅಲ್ಲಿನ ತಿರುಗುವ ದೊಡ್ಡ ತೊಟ್ಟಿಲಲ್ಲಿ ಇಬ್ಬರೂ ಕುಳಿತಿದ್ದೆವು. ನಾನು ಮೊದಲ ಸುತ್ತಿನಿಂದ ಕೊನೆಯ ಸುತ್ತಿನ ತನಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಪಕ್ಕದಿಂದ ಕಿರುಚಾಟ ಕೇಳುತ್ತಿತ್ತು, ಮಗಳಿಗೆ ಎಷ್ಟು ಖುಷಿ ಎಂದುಕೊಂಡಿದ್ದೆ. ಆಮೇಲೆ ಮೂರು ವರ್ಷ ಸತತವಾಗಿ ಅವಳ ಖುಷಿಗೆಂದು ಅದರಲ್ಲೇ ಕೂರಿಸಿದೆ. ಅದನ್ನು ಹೇಳಿದೆ. "ನಿಮಗ ಖುಷಿ ಆಗತೈತಿ ಅಂತ ನಾ ಕೂಡ್ತಿದ್ದೆ" ಎಂದಳು ಅವಳು.

ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಮಾನ ಸ್ವಲ್ಪವಾದರೂ ಉಳಿಯುತ್ತಿತ್ತು. "ಹಂಗಾದ್ರ ಮೊದಲು ಏನು ಮಾಡ್ತಿದ್ದಿ, ನಾ ಬರೂಕಿಂತ ಮೊದಲು?" ಎಂದು ಕೇಳಿಬಿಟ್ಟೆ.

"ಶೂ ಲೇಸ್ ಕಟ್ಟತಿದ್ದೆ. ಎಲ್ಲಾರೂ ಹೋದ ಮ್ಯಾಲೆ ಮೆಲ್ಲಕ ತಳ್ಳಿಕೊಂಡು ಇಳೀತಿದ್ದೆ. ಅವರಿಗೆ ಸಂಶೇ ಬರಾಕತ್ತಿತ್ತು. ಅದಕ್ಕ ನಿಮ್ಮನ್ನ ಕರದೆ, ವಯಸ್ಸಾದವರು ಜೋಡಿ ಇದ್ರ ಇಳದು ನಡದ್ರೂ ಯಾರೂ ಏನೂ ಅನ್ನೂದಿಲ್ಲ ಅಂತ. ನೀವು ನೋಡಿದ್ರ ಎಂಟು ತಿಂಗಳು ಸ್ಪ್ರಿಂಗ್ ನೋಡ್ಕೋತ ಕುಂತ್ರಿ. ಎಂಟು ತಿಂಗಳು ನಾ ಎಷ್ಟಂತ ಲೇಸ್ ಕಟ್ಟಬೇಕ್ರಿ?"

ರೊಟ್ಟಿ ತಿನ್ನುವಾಗ ತಲೆಯೆತ್ತದೆ ಕರೆದದ್ದು ಯಾಕೆಂದು ಈಗ ಗೊತ್ತಾಯಿತು. ಅವಳಿಗೆ ಬೇಕಾಗಿದ್ದದ್ದು ನಿಧಾನಕ್ಕೆ ನಡೆಯುವ ಒಬ್ಬ ಮುದುಕ. ಆ ಕೆಲಸಕ್ಕೆ ನಾನು ಎರಡು ಕಡೆ ಸ್ಪ್ರಿಂಗು ಹಾಕಿಸಿಕೊಂಡು ಬಂದಿದ್ದೆ. ನನ್ನ ಮುಖ ಸಣ್ಣದಾದದ್ದನ್ನು ಅವಳು ನೋಡಿರಬೇಕು. ನನ್ನ ಹ್ಯಾಂಡಲ್ಲಿನ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. "ಮೊದಲು ಅದಕ್ಕ ಕರದೆ. ಆಮ್ಯಾಲೆ ನಿಮ್ಮ ಜೋಡಿ ಮಾತಾಡೂ ಚಟ ಬಿತ್ತು. ಪರೀಕ್ಷಾ ಮತ್ತ ಕಟ್ಟೀನಿ ಅಪ್ಪಾ, ಅವ್ವಗ ಇನ್ನೂ ಹೇಳಿಲ್ಲ, ನಿಮಗ ಮೊದಲು ಹೇಳಾಕತ್ತೀನಿ" ಎಂದಳು. ನಾನು ಸೀತಾಫಲದ ಪೊದೆಯ ಕಡೆ ಮುಖ ತಿರುಗಿಸಿದೆ.

ಕೆಳಗೆ ಚಹಾದ ಬಂಡಿಯ ಬಳಿ ಗುಂಪಿನವರು ಕೈ ಬೀಸುತ್ತಿದ್ದರು. ಅವಳು ದನಿ ತಗ್ಗಿಸಿದಳು. "ನಿಮ್ಮ ಬ್ರೇಕಿನ ಕತಿ ಇನ್ನ ಭಾಳ ದಿನಾ ನಡೆಯೂದಿಲ್ರಿ. ನನ್ನ ಡಿಸ್ಕಿಗೂ ಒಂದೀಟು ಎಣ್ಣಿ ಒರಸಿಬಿಡ್ರಿ. ನಿಜವಾಗಿ ಕೆಟ್ರ ಸುಳ್ಳು ಹೇಳೂದು ಇರೂದಿಲ್ಲ."

"ಮೂವತ್ತೊಂದು ವರ್ಷ ತಪಾಸಣಾದಾಗ ಇದ್ದವಗ ಇದನ್ನ ಹೇಳತೀಯೇನು?" ಎಂದೆ. "ಅದೂ ಅಲ್ಲದ ದಸರಾ ಇನ್ನೂ ದೂರ ಐತಿ."

"ದಸರಾ ಯಾಕ್ರಿ? ಯುಗಾದಿಗೆ ಎಣ್ಣಿ ನೀರು ಹಾಕ್ಕೋತೀವೆಲ್ಲ, ಆವತ್ತ ಸೈಕಲ್ಲಿಗೂ ಆಗಲಿ."

ಯುಗಾದಿಗೆ ಇನ್ನು ಮೂರು ವಾರ ಇದೆ. ಇಬ್ಬರೂ ತಳ್ಳಿಕೊಂಡೇ ಇಳಿಯುವುದು ಎಂದು ಮಾತಾಗಿದೆ, ಹಾಗಾಗಿ ಬೀಳುವ ಭಯವಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಬಹಳ ತೆಳು, ಹರಳೆಣ್ಣೆ ಬಹಳ ದಪ್ಪ, ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಕುಸುಬೆ ಎಣ್ಣೆಯನ್ನು ಶಾಂತಾ ಮುಟ್ಟಗೊಡುವುದಿಲ್ಲ. ಹೊಸ ನೋಟ್‌ಬುಕ್ ತಂದು ಕೋಷ್ಟಕ ಹಾಕಿದ್ದೇನೆ. ಹತ್ತೊಂಬತ್ತು ಪುಟವಾಗಿದೆ. ಇನ್ನೂ ತೀರ್ಮಾನವಾಗಿಲ್ಲ.